ಗೋಡೆಯ ಹಿಂದಿನ ಧ್ರುವ

ಜೂನ್ 26, 2025, ಗುರುವಾರ
ರಾಯಪುರಂ

ಮದುವೆಯಾಗಿ ಒಂದು ತಿಂಗಳು ಆಗಿದೆಯೋ ಇಲ್ಲವೋ, ಗಂಡನ ಮನೆಯಿಂದ ಗಡೀಪಾರು! ಆಷಾಢ ಶುರುವಾಯಿತಲ್ಲ. ಹೊಸ ಸೊಸೆ, ಅತ್ತೆ ಒಂದೇ ಹೊಸಿಲು ದಾಟಬಾರದಂತೆ, ಗಂಡ ಹೆಂಡತಿ ಒಂದೇ ಸೂರಿನಡಿ ಇರಬಾರದಂತೆ. ಬೇರೆ ಹುಡುಗಿಯರಾದರೆ ತವರಿಗೆ ಹೋಗಿ ಅಮ್ಮನ ಕೈಯಡುಗೆ ಉಂಡು ದಪ್ಪಗಾಗಿ ಬರುತ್ತಾರೆ. ನನಗೆ ಹಾಸನಕ್ಕೆ ಹೋಗುವ ಭಾಗ್ಯವಿಲ್ಲ. ಚೆನ್ನೈ ಆಫೀಸಿಗೆ ಈಗಷ್ಟೇ ಸೇರಿದ್ದೇನೆ, ರಜೆ ಕೇಳಿದರೆ ನಗುತ್ತಾರೆ. ಅದಕ್ಕೇ ದೊಡ್ಡವರೆಲ್ಲ ಫೋನಿನಲ್ಲೇ ಸಭೆ ಸೇರಿ, ಅಪ್ಪನ ಅಕ್ಕ ರಮಾಬಾಯಿಯವರ ಮನೆಯೂ ತವರಿಗೆ ಸಮ ಎಂದು ತೀರ್ಪು ಕೊಟ್ಟರು. ನನ್ನ ರಮತ್ತೆ! ರಾಯಪುರಂನಲ್ಲಿ ಒಬ್ಬರೇ ಇದ್ದಾರೆ. ಮಾವ ಹಾರ್ಬರಿನಲ್ಲಿ ಕೆಲಸ ಮಾಡುತ್ತಿದ್ದರು, ತೀರಿಕೊಂಡು ಆರು ವರ್ಷ. ಪುರಸೈವಾಕ್ಕಂನಲ್ಲಿರುವ ನನ್ನ ಗಂಡನ ಮನೆಯಿಂದ ಇಲ್ಲಿಗೆ ಆಟೋದಲ್ಲಿ ಅರ್ಧ ಗಂಟೆ. ಅಷ್ಟೇ ದೂರ. ಆದರೂ ಆಟೋ ಹತ್ತುವಾಗ ಅತ್ತೇಬಿಟ್ಟೆ, ಹುಚ್ಚಿಯ ಹಾಗೆ!

ರಘು ಅಳಲಿಲ್ಲ. ಸೂಟ್‌ಕೇಸ್ ಒಳಗಿಟ್ಟು, "ತಲುಪಿದ ಮೇಲೆ ಮೆಸೇಜ್ ಹಾಕು" ಅಂದರು. ಅವರದು ಮಾತು ಕಡಿಮೆ. ನಾನು ಇಬ್ಬರ ಪಾಲಿನದ್ದನ್ನೂ ಆಡುತ್ತೇನೆ, ಪರವಾಗಿಲ್ಲ.

ಆದರೆ ಮದುವೆಯ ದಿನ ಅವರು ಆಡಿದ ಆ ಒಂದು ಮಾತು! ಪುರೋಹಿತರು ನಮ್ಮಿಬ್ಬರನ್ನೂ ಛತ್ರದ ಬಾಗಿಲಿಗೆ ಕರೆತಂದು, ಹಾಡಹಗಲಲ್ಲಿ ಕೈ ಎತ್ತಿ, "ಅಗೋ ಧ್ರುವ ನಕ್ಷತ್ರ, ಕಾಣಿಸಿತು ಅನ್ನಿ" ಎಂದರು. ಎಲ್ಲರಂತೆ ನಾನೂ ಕಾಣಿಸಿತು ಅಂದೆ. ರಘು ನನ್ನ ಕಿವಿಯ ಹತ್ತಿರ ಬಗ್ಗಿ, "ಉತ್ತರ ಆ ಕಡೆ ಅಲ್ಲ" ಅಂದರು. ನಗು ತಡೆಯಲಾಗದೆ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಆ ಕ್ಷಣದಲ್ಲಿ ನಾನು ಅವರನ್ನು ಪ್ರೀತಿಸಿಬಿಟ್ಟೆ. ಆಮೇಲೆ ಅವರ ರೂಮಿನ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಟೆಲಿಸ್ಕೋಪಿನ ಕೊಳವೆ ನೋಡಿದಾಗ ಎಲ್ಲ ಅರ್ಥವಾಯಿತು. ನನ್ನ ಗಂಡನ ಮೌನದ ತುಂಬ ನಕ್ಷತ್ರಗಳಿವೆ!

ಕೊಳವೆ ಇದೆ, ಅದನ್ನು ಹಿಡಿದು ತಿರುಗಿಸುವ ಮೌಂಟ್ ಇಲ್ಲ. ನನ್ನ ಹತ್ತಿರ ಮುಯ್ಯಿಯ ದುಡ್ಡಿದೆ. ಆಷಾಢ ಮುಗಿಯುವುದರೊಳಗೆ ಒಳ್ಳೆಯ ಕಂಪ್ಯೂಟರ್ ಮೌಂಟ್ ಆರಿಸಿ, ಕೊಂಡು, ಮನೆಗೆ ಹೋದ ದಿನವೇ ಇಬ್ಬರೂ ಸೇರಿ ಮೊದಲ ಫೋಟೋ ತೆಗೆಯುವುದು. ಆಗ ಅವರು ಮಾತಾಡುತ್ತಾರೆ. ಆಡಲೇಬೇಕು!

ಜೂನ್ 29, ಭಾನುವಾರ

ಮೌಂಟ್ ಆರಿಸುವುದೆಂದರೆ ಸೀರೆ ಆರಿಸುವುದಕ್ಕಿಂತ ಕಷ್ಟ. ಬೆಳಗ್ಗೆಯಿಂದ ವಿಡಿಯೋ ನೋಡಿ ನೋಡಿ ತಲೆ ಧಿಮ್ಮೆನ್ನುತ್ತಿದೆ. ಮರೆಯುವ ಮೊದಲು ಬರೆದಿಡುತ್ತೇನೆ.

ಎರಡು ಜಾತಿ. ಮೊದಲನೆಯದು ಆಲ್ಟ್-ಅಜಿಮತ್. ನಮ್ಮ ಕತ್ತಿನ ಹಾಗೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುತ್ತದೆ. ಹಗುರ, ಸುಲಭ. ಎರಡು ನಕ್ಷತ್ರ ತೋರಿಸಿಕೊಟ್ಟರೆ ಸಾಕು, ಆಮೇಲೆ ಫೋನಿನಲ್ಲಿ ಶನಿ ಎಂದು ಒತ್ತಿದರೆ ತಾನೇ ಗುಂಯ್ ಎಂದು ಶನಿಯತ್ತ ತಿರುಗುತ್ತದೆ. ಆದರೆ ಹೆಚ್ಚು ಹೊತ್ತು ಫೋಟೋ ತೆಗೆದರೆ ಒಂದು ತೊಂದರೆ: ನಡುವಿನ ನಕ್ಷತ್ರ ನಡುವೆಯೇ ಇರುತ್ತದೆ, ಸುತ್ತಲಿನವೆಲ್ಲ ನಿಧಾನವಾಗಿ ಅದರ ಸುತ್ತ ತಿರುಗಿ ಗೀಟು ಗೀಟಾಗುತ್ತವೆ.

ಎರಡನೆಯದು ಇಕ್ವಟೋರಿಯಲ್. ಓರೆಯಾಗಿ ನಿಲ್ಲುತ್ತದೆ. ಅದು ತಿರುಗುವ ಅಚ್ಚನ್ನು ಧ್ರುವ ನಕ್ಷತ್ರದ ಕಡೆಗೆ ಸರಿಯಾಗಿ ಗುರಿಯಿಟ್ಟರೆ ಆಕಾಶ ತಿರುಗಿದ ಹಾಗೆಯೇ ತಾನೂ ತಿರುಗುತ್ತದೆ, ಫೋಟೋದಲ್ಲಿ ನಕ್ಷತ್ರಗಳು ಚುಕ್ಕಿಯಾಗಿಯೇ ಉಳಿಯುತ್ತವೆ. ಆದರೆ ಭಾರ! ಬೆಲೆಯೂ ಜಾಸ್ತಿ. ಧ್ರುವ ಕಾಣಬೇಕು.

ರಮತ್ತೆ ಬದನೆಕಾಯಿ ಹೆಚ್ಚುತ್ತಾ ಎಲ್ಲ ಕೇಳಿಸಿಕೊಂಡರು. "ಏನಡೀ ಇದು, ಗಂಡನಿಗೆ ವಾಚೋ ಶರ್ಟೋ ಕೊಡಿಸೋದು ಬಿಟ್ಟು?"

"ಅವರಿಗೆ ಇದೇ ಇಷ್ಟ ರಮತ್ತೆ."

"ಅವನು ಹೇಳಿದ್ನಾ?"

"ಹೇಳಬೇಕಾ? ಗೊತ್ತಾಗುತ್ತೆ!"

ರಮತ್ತೆ ಬದನೆಕಾಯಿಯನ್ನು ನೀರಿಗೆ ಹಾಕಿದರು.

ರಘುಗೆ ಏಳು ಲಿಂಕ್ ಕಳಿಸಿದೆ. ಹೆಬ್ಬೆರಳಿನ ಚಿತ್ರ ಬಂತು. ಹೆಬ್ಬೆರಳು ಅಂದರೆ ಚೆನ್ನಾಗಿದೆ ಅಂತ!

ಜುಲೈ 3, ಗುರುವಾರ

ಕೊಳವೆಯ ತೂಕ ಗೊತ್ತಾಗದೆ ಮೌಂಟ್ ಆರಿಸಲು ಸಾಧ್ಯವೇ ಇಲ್ಲ. ಕಂಪನಿಯವರು ಇಷ್ಟು ಕಿಲೋ ಹೊರುತ್ತದೆ ಎಂದು ಬರೆದಿದ್ದರೆ ಫೋಟೋಗೆ ಅದರ ಅರ್ಧದಷ್ಟು ಎಂದುಕೊಳ್ಳಬೇಕಂತೆ. ಇಲ್ಲದಿದ್ದರೆ ನಡುಗುತ್ತದೆ.

ರಾತ್ರಿ ಊಟದ ಮೇಲೆ ಫೋನ್ ಮಾಡಿದೆ.

"ಅಟ್ಟದ ಮೇಲಿರೋದನ್ನ ಒಂದ್ಸಲ ಇಳಿಸಿ ತೂಕ ನೋಡ್ತೀರಾ?"

"ನೋಡ್ತೀನಿ."

"ಮರೀಬೇಡಿ ಆಯ್ತಾ? ಊಟ ಆಯ್ತಾ? ಏನು ಮಾಡಿದ್ರು ಅತ್ತೆ? ಇವತ್ತು ಎಲ್ಲಿ ಕೆಲಸ?"

"ಅಂಬತ್ತೂರು."

ಅವರದ್ದು ಕಟ್ಟಡಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಕಂಪನಿ. ಇಡೀ ದಿನ ತಾರಸಿಗಳ ಮೇಲೆ ಬಿಸಿಲಲ್ಲಿ ನಿಂತು ಬಂದವರಿಗೆ ಮಾತಾಡಲು ಶಕ್ತಿ ಎಲ್ಲಿಂದ ಬರಬೇಕು, ಪಾಪ. ನಾನೇ ಅರ್ಥ ಮಾಡಿಕೊಳ್ಳಬೇಕು.

ಜುಲೈ 8, ಮಂಗಳವಾರ

ಮೋಡ. ತೂಕ ಬಂದಿಲ್ಲ. ಫೋನೂ ಬಂದಿಲ್ಲ.

ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲರೂ ತಮಿಳಿನಲ್ಲಿ ಜೋಕ್ ಹೇಳಿಕೊಂಡು ನಗುತ್ತಾರೆ. ನಾನು ಒಂದು ಕ್ಷಣ ತಡವಾಗಿ ನಗುತ್ತೇನೆ.

ಜುಲೈ 13, ಭಾನುವಾರ

ಇವತ್ತು ಸಂಜೆ ರಮತ್ತೆಯನ್ನು ಎಳೆದುಕೊಂಡು ತಾರಸಿಗೆ ಹೋದೆ. ಮೊಟ್ಟೆಮಾಡಿ ಅನ್ನುತ್ತಾರೆ ಅವರು, ಇಲ್ಲಿಯವರ ಹಾಗೆ. ಇಷ್ಟು ವರ್ಷದಲ್ಲಿ ಸಂಡಿಗೆ ಒಣಗಿಸುವುದಕ್ಕೆ ಬಿಟ್ಟು ಮೇಲೆ ಹತ್ತಿದ್ದೇ ಇಲ್ಲವಂತೆ. ಪೂರ್ವಕ್ಕೆ ಸಮುದ್ರ, ಕ್ರೇನುಗಳ ದೀಪ. ಗಾಳಿಯಲ್ಲಿ ಮೀನಿನ ವಾಸನೆ. ಉತ್ತರಕ್ಕೆ ಮಾತ್ರ ಅಡ್ಡ ಏನೂ ಇಲ್ಲ, ತಗ್ಗಾದ ಹೆಂಚಿನ ಮನೆಗಳು, ಅದರಾಚೆ ಮೀನುಗಾರರ ದೋಣಿ ನಿಲ್ಲುವ ಜಾಗ.

ಚೆನ್ನೈನಲ್ಲಿ ಧ್ರುವ ತುಂಬ ಕೆಳಗಿರುತ್ತದೆ, ಹದಿಮೂರು ಡಿಗ್ರಿ ಅಷ್ಟೇ. ಚಾಚಿದ ಕೈಯ ಮುಷ್ಟಿಗಿಂತ ಸ್ವಲ್ಪ ಮೇಲೆ. ಫೋನಿನ ದಿಕ್ಸೂಚಿ ಹಿಡಿದು, ಮುಷ್ಟಿ ಹಿಡಿದು ಹುಡುಕಿದೆ. ಮಬ್ಬು. ಕಣ್ಣು ಹೊಂದಿಕೊಳ್ಳಲು ಸುಮ್ಮನೆ ನಿಂತೆವು. ಆಮೇಲೆ ಒಂದು ಸಣ್ಣ ಬಡಕಲು ಚುಕ್ಕಿ.

"ಇದಾ?" ಎಂದರು ರಮತ್ತೆ. "ಇಷ್ಟೇನಾ? ಇದಕ್ಕೆ ಅಷ್ಟೊಂದು ಹೆಸರಾ?"

"ಅದು ಅಲುಗಾಡಲ್ಲ ರಮತ್ತೆ, ಅದಕ್ಕೆ ಹೆಸರು."

"ನಿಮ್ಮ ಮಾವನೂ ಅಲುಗಾಡ್ತಿರಲಿಲ್ಲ," ಎಂದು ನಕ್ಕರು. ನಗು ನಿಂತ ಮೇಲೆ, "ಮಾತೇ ಆಡ್ತಿರಲಿಲ್ಲ ಕಣೇ. ನಾನೂ ಕೇಳ್ತಿರಲಿಲ್ಲ. ಅವರಿಗೆ ಕಾಫಿಗೆ ಎಷ್ಟು ಸಕ್ಕರೆ ಅಂತ ಗೊತ್ತು. ಏನು ಇಷ್ಟ ಇತ್ತು ಅಂತ ಇವತ್ತು ಯಾರಾದ್ರೂ ಕೇಳಿದ್ರೆ ಗೊತ್ತಿಲ್ಲ" ಎಂದರು.

ಪಾಪ ರಮತ್ತೆ. ಹಳೇ ಕಾಲದವರು. ನಮ್ಮ ಹಾಗೆ ಅಲ್ಲವಲ್ಲ.

ಧ್ರುವ ಕಂಡಿತು ಎಂದು ರಘುಗೆ ಮೆಸೇಜ್ ಹಾಕಿದೆ. ಹೆಬ್ಬೆರಳು.

ಜುಲೈ 24, ಗುರುವಾರ

ಭೀಮನ ಅಮಾವಾಸ್ಯೆ. ಇಲ್ಲೇ ಪೂಜೆ ಮಾಡಿದೆ, ವಿಡಿಯೋ ಕಾಲಿನಲ್ಲಿ ಗಂಡನ ಪಾದಕ್ಕೆ ನಮಸ್ಕಾರ! ರಘು ಕ್ಯಾಮೆರಾವನ್ನು ಕಾಲಿನ ಕಡೆ ತಿರುಗಿಸಲು ಹೋಗಿ ಫೋನ್ ಬೀಳಿಸಿದರು. ನಕ್ಕೆವು. ನಾಳೆ ಶ್ರಾವಣ! ಸೂಟ್‌ಕೇಸ್ ಕಟ್ಟಿ ಬಾಗಿಲ ಬಳಿ ಇಟ್ಟಿದ್ದೇನೆ. ಮೌಂಟ್ ಇನ್ನೂ ಕೊಂಡಿಲ್ಲ, ತೂಕವೇ ಬಂದಿಲ್ಲವಲ್ಲ. ಪರವಾಗಿಲ್ಲ, ನಾಳೆ ನಾನೇ ಅಟ್ಟ ಹತ್ತಿ ಇಳಿಸುತ್ತೇನೆ!

ಜುಲೈ 25, ಶುಕ್ರವಾರ

ಬೆಳಗ್ಗೆ ಅತ್ತೆಯ ಫೋನ್ ಬಂತು. ಅವರು ಇದೇ ಊರಲ್ಲಿ ಹುಟ್ಟಿ ಬೆಳೆದವರು.

"ಈಗ ಬರಬೇಡಮ್ಮ ಕೃತಿ. ಆಡಿ ಮುಗೀಲಿ."

"ಆಷಾಢ ಮುಗೀತಲ್ಲ ಅತ್ತೆ, ಇವತ್ತು ಶ್ರಾವಣ."

"ಅದು ನಿಮ್ಮೂರ ಲೆಕ್ಕ ಮಾ. ಇಲ್ಲಿ ತಮಿಳರ ಆಡಿ ತಿಂಗಳು ಆಗಸ್ಟ್ ಹದಿನಾರರ ತನಕ ಇದೆ. ಅಕ್ಕಪಕ್ಕದ ಮನೇಲೆಲ್ಲ ಹೊಸ ಸೊಸೇನ ಕಳಿಸಿದಾರೆ. ನಾವು ಮಾತ್ರ ಕರ್ಕೊಂಡ್ರೆ ನಗ್ತಾರೆ. ಇಷ್ಟು ದಿನ ಇದ್ದೀಯ, ಇನ್ನೊಂದಿಷ್ಟು ದಿನ."

ಹಾಸನದಿಂದ ಅಮ್ಮ ಕೂಗಾಡಿದಳು. "ಅವರದ್ದೂ ಇರಲಿ, ನಮ್ಮದ್ದೂ ಇರಲಿ ಅಂದ್ರೆ ಹುಡುಗಿ ವರ್ಷವಿಡೀ ಬೀದೀಲಿರಬೇಕಾ?" ರಮತ್ತೆ ನಗುತ್ತಾ, "ಆಡೀಲಿ ಒಟ್ಟಿಗಿದ್ರೆ ಚಿತ್ತಿರೈಲಿ, ಏಪ್ರಿಲ್ ಬಿಸಿಲಲ್ಲಿ ಹೆರಿಗೆ ಆಗುತ್ತೆ ಅಂತ ಭಯ ಕಣೇ ಇವರಿಗೆ" ಎಂದರು.

ನಾನು ರಘುಗೆ ಫೋನ್ ಮಾಡಿದೆ. "ನೀವು ಹೇಳಿ ಅವರಿಗೆ."

"ಅಮ್ಮ ಹೇಳ್ತಿದಾರಲ್ಲ. ಇರಲಿ ಬಿಡು."

ಅವರು ತಾಯಿಗೆ ಎದುರಾಡುವವರಲ್ಲ. ಅದು ಒಳ್ಳೆಯ ಗುಣ. ಮುಂದೆ ನನಗೂ ಅದರಿಂದ ಒಳ್ಳೆಯದೇ.

ಸೂಟ್‌ಕೇಸ್ ಇನ್ನೂ ಬಾಗಿಲ ಬಳಿಯೇ ಇದೆ. ರಮತ್ತೆ ಎರಡು ಸಲ ಎಡವಿದರು.

ಜುಲೈ 28, ಸೋಮವಾರ

ಏನೂ ಇಲ್ಲ.

ಆಗಸ್ಟ್ 2, ಶನಿವಾರ

ಆಡಿ ತಳ್ಳುಪಡಿ ಎಂದು ಪುರಸೈವಾಕ್ಕಂನ ಬಟ್ಟೆ ಅಂಗಡಿಗಳಲ್ಲೆಲ್ಲ ರಿಯಾಯಿತಿ. ರಮತ್ತೆಗೆ ಬೆಡ್‌ಶೀಟ್ ಬೇಕಿತ್ತು, ಜೊತೆಗೆ ಹೋದೆ. ಬೀದಿಯ ತುಂಬ ಜನ. ನನ್ನ ಗಂಡನ ಮನೆಯಿರುವ ಗಲ್ಲಿ ಅಲ್ಲಿಂದ ಕೂಗಳತೆಯಲ್ಲಿದೆ. ಮನೆಯೊಳಗೆ ಹೋಗಬಾರದು, ಬೀದಿಯಲ್ಲಿ ನಿಲ್ಲಬಾರದೆಂದು ಯಾರೂ ಹೇಳಿಲ್ಲವಲ್ಲ! ಫೋನ್ ಮಾಡಿದೆ. ರಘು ಚಪ್ಪಲಿ ಹಾಕಿಕೊಂಡು ಇಳಿದು ಬಂದರು. ಕೂದಲು ಕತ್ತರಿಸಿಕೊಂಡಿದ್ದರು. ನನಗೆ ಹೇಳಿರಲಿಲ್ಲ.

ಗಲ್ಲಿಯಲ್ಲಿ ನಿಂತು ದಿಕ್ಸೂಚಿ ತೆಗೆದೆ. ಒಂದು ತಿಂಗಳು ಈ ಮನೆಯಲ್ಲಿದ್ದೂ ನೋಡಿರಲಿಲ್ಲ: ಉತ್ತರಕ್ಕೆ ಬಟ್ಟೆ ಅಂಗಡಿಯವರ ಗೋಡೌನ್. ನಮ್ಮ ತಾರಸಿಗಿಂತ ಎತ್ತರ, ಒಂದು ಕಿಟಕಿಯೂ ಇಲ್ಲದ ಗೋಡೆ. ಈ ಮನೆಯಿಂದ ಧ್ರುವ ಯಾವತ್ತೂ ಕಾಣುವುದಿಲ್ಲ.

"ಹಾಗಾದ್ರೆ ಆಲ್ಟ್-ಅಜಿಮತ್ತೇ ತಗೋಬೇಕು," ಎಂದೆ. ರಮತ್ತೆ ಅಂಗಡಿಯೊಳಗಿದ್ದರು, ನಾವಿಬ್ಬರೂ ನನ್ನಾರಿ ಸರ್ಬತ್ ಗಾಡಿಯ ಹತ್ತಿರ ನಿಂತಿದ್ದೆವು. ನಾನು ಫೋನಿನಲ್ಲಿ ಒಂದೊಂದೇ ತೋರಿಸುತ್ತಾ ಹೋದೆ. ಇದರ ಮೋಟಾರು ಸದ್ದು ಕಡಿಮೆ, ಇದಕ್ಕೆ ಬ್ಯಾಟರಿ ಒಳಗೇ ಇದೆ, ಇದರ ಕಾಲು ಸ್ವಲ್ಪ ಬಡಕಲು. "ತೂಕ ನೋಡಿದ್ರಾ?"

ರಘು ಲೋಟದ ತಳ ನೋಡುತ್ತಾ, "ಅದು ನಂದಲ್ಲ" ಅಂದರು.

"ಯಾವುದು?"

"ಟೆಲಿಸ್ಕೋಪ್. ತೇಜುದು. ಕಾಲೇಜಲ್ಲಿ ಓದುವಾಗ ನನ್ನ ಜೊತೆ ರೂಮಲ್ಲಿದ್ದ, ಪುಣೆಗೆ ಹೋಗುವಾಗ ಇಟ್ಟು ಹೋದ. ನಾನು ಅದರಲ್ಲಿ ಒಂದ್ಸಲವೂ ನೋಡಿಲ್ಲ."

"ಮತ್ತೆ ಮದುವೆ ದಿನ? ಉತ್ತರ ಆ ಕಡೆ ಅಲ್ಲ ಅಂದ್ರಲ್ಲ?"

"ನನ್ನ ಕೆಲಸವೇ ಅದಲ್ವಾ. ಪ್ಯಾನೆಲ್ ದಕ್ಷಿಣಕ್ಕೆ ತಿರುಗಿಸಬೇಕು. ಎಲ್ಲಿಗೆ ಹೋದ್ರೂ ಮೊದಲು ದಿಕ್ಕು ನೋಡ್ಕೋತೀನಿ. ಅಭ್ಯಾಸ."

"ನೀನು ಯಾಕೆ ಮೊದಲೇ ಹೇಳ್ಲಿಲ್ಲ?" ಸರ್ಬತ್ ಗಾಡಿಯವನು ತಿರುಗಿ ನೋಡುವಷ್ಟು ಜೋರಾಗಿ ಕೇಳಿದೆ.

"ನೀನು ಅಷ್ಟು ಖುಷಿಯಾಗಿ ಮಾತಾಡ್ತಿದ್ದೆ. ಮಧ್ಯೆ ಎಲ್ಲಿ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಬೆಡ್‌ಶೀಟಿನ ಚೀಲ ಹಿಡಿದು ರಮತ್ತೆ ಬಂದರು. ಆಟೋದಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೀದಿಯನ್ನೇ ನೋಡುತ್ತಾ ಬಂದೆ.

ಆಗಸ್ಟ್ 3, ಭಾನುವಾರ

ಹಾಗಾದರೆ ನಾನು ಯಾರನ್ನು ಮದುವೆಯಾದೆ?

ಆಗಸ್ಟ್ 6, ಬುಧವಾರ

ಮಧ್ಯಾಹ್ನ ರಘುವಿನಿಂದ ಒಂದು ಫೋಟೋ ಬಂತು, ಜೊತೆಗೆ ಒಂದಕ್ಷರವೂ ಇಲ್ಲ. ಹಳೇ ಪೇಪರ್ ಅಂಗಡಿಯ ತಕ್ಕಡಿ, ಅದರ ಮೇಲೆ ಮಗುವಿನ ಹಾಗೆ ಮಲಗಿಸಿದ ಟೆಲಿಸ್ಕೋಪು, ಪಕ್ಕದಲ್ಲಿ ಅಂಗಡಿಯವನ ಅರ್ಧ ಮುಖ. ಮೂರು ಕಿಲೋ ಮುನ್ನೂರು ಗ್ರಾಂ.

ಉತ್ತರ ಕೊಡಲಿಲ್ಲ. ಈಗ ಅದರಿಂದ ಏನು?

ಕ್ಯಾಮೆರಾ ಸೇರಿದರೆ ನಾಲ್ಕೂವರೆ ಆಗಬಹುದು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಮದುವೆಯಾದ ಮೇಲಿನ ಮೊದಲನೆಯದು, ಅದೂ ಇಲ್ಲೇ. ಕಲಶಕ್ಕೆ ಸೀರೆ ಉಡಿಸುತ್ತಾ ಕೂತೆವು. ರಮತ್ತೆಗೆ ಎಲ್ಲ ಹೇಳಿಬಿಟ್ಟೆ, ತೇಜು, ಟೆಲಿಸ್ಕೋಪು, ಗೋಡೆ.

ಅವರು ನೆರಿಗೆ ಸರಿಮಾಡುತ್ತಾ, "ಸರಿ, ಅವನಿಗೆ ಬೇಡ. ನಿಂಗೆ?" ಎಂದರು.

"ನನಗೇನು?"

"ಸಂಜೆಯಾದ್ರೆ ಮೊಟ್ಟೆಮಾಡಿಗೆ ಓಡ್ತೀಯ. ಊಟದ ತಟ್ಟೆ ಮುಂದೆ ಇಟ್ಕೊಂಡು ಆ ಮೋಟಾರು ಈ ಮೋಟಾರು ಅಂತೀಯ. ಮೊನ್ನೆ ನಿದ್ದೇಲಿ ಕೂಡ ಏನೋ ಡಿಗ್ರಿ ಅಂದೆ. ಅದೆಲ್ಲ ಅವನಿಗೋಸ್ಕರಾನಾ?"

"ಹೂಂ ಮತ್ತೆ," ಎಂದೆ.

"ಸರಿ ಬಿಡು. ನಿಮ್ಮ ಮಾವನಿಗೆ ಏನು ಇಷ್ಟ ಅಂತ ಗೊತ್ತಿಲ್ಲ ಅಂದಿದ್ದೆನಲ್ಲ. ನಂಗೆ ಏನು ಇಷ್ಟ ಅಂತಾನೂ ಗೊತ್ತಿಲ್ಲ ಕಣೇ," ಎಂದು ಕಲಶದ ಮೂಗುತಿ ಹುಡುಕಲು ಎದ್ದರು.

ಸಂಜೆ, ಗೋಡೆ ಇದ್ದರೆ ಇರಲಿ ಎಂದು ಇಕ್ವಟೋರಿಯಲ್ ಮೌಂಟ್‌ಗೇ ಆರ್ಡರ್ ಹಾಕಿದೆ. ಹಗುರವಾದದ್ದಲ್ಲ, ನಾಲ್ಕೂವರೆ ಕಿಲೋದ ಎರಡರಷ್ಟಕ್ಕಿಂತ ಹೆಚ್ಚು ಹೊರುವಂಥದ್ದು. ಹಬ್ಬದ ರಿಯಾಯಿತಿ ಇತ್ತು, ಅದಕ್ಕೆ.

ಆಗಸ್ಟ್ 12, ಮಂಗಳವಾರ

ಮೌಂಟ್ ಬಂತು. ಎರಡು ಪೆಟ್ಟಿಗೆ. ರಮತ್ತೆ ಅದಕ್ಕೆ ಕುಂಕುಮ ಇಟ್ಟರು. ಹಾಲಿನ ನಡುವೆ ಮೂರು ಕಾಲಿನ ಮೇಲೆ ನಿಲ್ಲಿಸಿ, ತೂಕ ಸರಿದೂಗಿಸುವ ಗುಂಡು ಸಿಕ್ಕಿಸಿ, ಆನ್ ಮಾಡಿದರೆ ಬೇಡದ ಕಡೆಗೆಲ್ಲ ತಿರುಗಿತು. ಕೈಪಿಡಿ ಓದಿ ನೋಡಿದರೆ ಊರಿನ ಅಕ್ಷಾಂಶ, ರೇಖಾಂಶ ಅದಲುಬದಲು ಮಾಡಿ ಹಾಕಿದ್ದೆ. ಅದರ ಲೆಕ್ಕದಲ್ಲಿ ನಾನೂ ರಮತ್ತೆಯೂ ಉತ್ತರ ಧ್ರುವದ ಹತ್ತಿರ ಹಿಮದಲ್ಲಿ ಕೂತು ಬಿಸಿಬೇಳೆಬಾತ್ ತಿನ್ನುತ್ತಿದ್ದೆವು. ತುಂಬ ದಿನಗಳ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಧ್ರುವ ಕಾಣದ ಕಡೆಯೂ ಇದನ್ನು ಸರಿಹೊಂದಿಸಬಹುದು ಎಂದು ಕೊನೆಯ ಪುಟದಲ್ಲಿದೆ. ತಲೆಯ ಮೇಲಿನ ಒಂದು ನಕ್ಷತ್ರವನ್ನು ಹಿಡಿದು ಬಹಳ ಹೊತ್ತು ನೋಡುತ್ತಿರಬೇಕು. ಅದು ಮೇಲಕ್ಕೆ ಜಾರುತ್ತದೋ ಕೆಳಕ್ಕೆ ಜಾರುತ್ತದೋ ನೋಡಿಕೊಂಡು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಮತ್ತೆ ನೋಡಬೇಕು. ಜಾರುವುದು ನಿಲ್ಲುವ ತನಕ. ಒಬ್ಬರೇ ಮಾಡುವುದು ಕಷ್ಟ.

ರಾತ್ರಿ ರಘು ಫೋನ್ ಮಾಡಿದ.

"ಬಂತಂತೆ. ರಮತ್ತೆ ಹೇಳಿದ್ರು."

"ಹೂಂ."

"ತೂಕ ಎಷ್ಟು?"

"ತಲೆ ಒಂದೇ ಹತ್ತು ಕೆಜಿ. ಕಾಲು, ಗುಂಡು ಬೇರೆ."

"ಲಿಫ್ಟು ತಾರಸಿ ತನಕ ಬರಲ್ಲ. ನಾನು ಹೊರ್ತೀನಿ." ಆಮೇಲೆ, "ತೇಜುಗೆ ಫೋನ್ ಮಾಡಿದ್ದೆ. ನೀನೇ ಇಟ್ಕೋಬೇಕಂತೆ. ಲೆನ್ಸಿಗೆ ಬೂಷ್ಟು ಬಂದಿದೆಯಾ ನೋಡು ಅಂದ, ನೋಡಿದೆ, ಬಂದಿಲ್ಲ. ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದ್ದಕ್ಕೆ ಅಮ್ಮ ಬೈದ್ರು, ಧೂಳು ಅಂತ. ಆ ಓರೆ ಇರೋದು ಎಷ್ಟು ಡಿಗ್ರಿಗೆ ಇಡಬೇಕು?"

"ಹದಿಮೂರು."

"ನಮ್ಮ ಪ್ಯಾನೆಲ್ಲೂ ಅಷ್ಟೇ ಇಡೋದು," ಎಂದ.

ನಾನು ಕೈಪಿಡಿಯ ಪುಟ ನೋಡುತ್ತಿದ್ದೆ, ಫೋನ್ ಬೇಗ ಇಟ್ಟುಬಿಟ್ಟೆ.

ಆಗಸ್ಟ್ 17, ಭಾನುವಾರ
ಪುರಸೈವಾಕ್ಕಂ

ಆಡಿ ಮುಗಿಯಿತು. ಬೆಳಗ್ಗೆಯೇ ರಘು ಆಟೋ ತಂದ. ಪೆಟ್ಟಿಗೆಗಳನ್ನು ಇಳಿಸಿದ ಮೇಲೆ ರಮತ್ತೆಯ ಹಾಲಿನ ನಡುವೆ ಮೂರು ಕಾಲಿನ ಗುರುತು ಉಳಿದಿತ್ತು. ಅದನ್ನು ಒರೆಸಬೇಡಿ ಅಂದೆ. "ಒರೆಸದೆ ಏನು, ರಂಗೋಲಿ ಹಾಕ್ಲಾ?" ಎಂದು ಬೈದು, ಹುಳಿಪುಡಿಯ ಡಬ್ಬಿ ನನ್ನ ಕೈಗೆ ತುರುಕಿ, ಆಟೋ ತಿರುಗುವ ಮೊದಲೇ ಒಳಗೆ ಹೋದರು.

ಅತ್ತೆ ಆರತಿ ಎತ್ತಿ ಒಳಗೆ ಕರೆದುಕೊಂಡರು. ಪೆಟ್ಟಿಗೆ ನೋಡಿ, "ಇದೇನಮ್ಮ, ಗ್ರೈಂಡರಾ?" ಎಂದರು.

ಕತ್ತಲಾಗುತ್ತಿದ್ದಂತೆ ತಾರಸಿಗೆ ಹೋದೆವು. ರಘು ಮೂರು ಸಲ ಹತ್ತಿ ಇಳಿದು ಎಲ್ಲ ಹೊತ್ತು ತಂದ. ಅಂಗಿ ಬೆನ್ನಿಗೆ ಅಂಟಿತ್ತು. ತನ್ನ ಆಫೀಸಿನ ಚೀಲದಿಂದ ಕೋನ ಅಳೆಯುವ ಸಣ್ಣ ಪೆಟ್ಟಿಗೆ ತೆಗೆದು, ಮಂಡಿಯೂರಿ ಕೂತು, ಮೌಂಟಿನ ಓರೆಯನ್ನು ಹದಿಮೂರಕ್ಕೆ ತಂದ. ಆಮೇಲೆ ದಿಕ್ಸೂಚಿ ಇಟ್ಟು, ಮೂರು ಕಾಲುಗಳನ್ನೂ ಸ್ವಲ್ಪ ಸರಿಸಿ, ಆ ಕಿಟಕಿಯಿಲ್ಲದ ಗೋಡೆಯ ಒಂದು ಜಾಗಕ್ಕೆ ಬೆರಳು ತೋರಿಸಿದ.

"ಅದರ ಹಿಂದೆ."

ಮೋಡ ಸರಿದು ತಲೆಯ ಮೇಲೆ ಒಂದು ನಕ್ಷತ್ರ ಸಿಕ್ಕಿತು. ಅವನನ್ನು ನೋಟದ ಗಾಜಿನ ಹತ್ತಿರ ಕೂರಿಸಿ, ಒಳಗಿನ ಅಡ್ಡಗೆರೆಗಿಂತ ನಕ್ಷತ್ರ ಮೇಲೆ ಹೋದರೆ ಮೇಲೆ ಅನ್ನು, ಕೆಳಗೆ ಬಂದರೆ ಕೆಳಗೆ ಅನ್ನು ಎಂದು ಹೇಳಿ, ನಾನು ತಿರುಪು ಹಿಡಿದು ಕೂತೆ. ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಬಹುಶಃ ಇದೇ ಮೊದಲು. ಕೆಳಗೆ ಬೀದಿಯಲ್ಲಿ ಹಾರ್ನುಗಳು, ಯಾರದೋ ಮನೆಯ ಕುಕ್ಕರು.

"ಮೇಲೆ," ಎಂದ.

ತಿರುಗಿಸಿದೆ.

"ಇನ್ನೂ ಮೇಲೆ. ಆದ್ರೆ ನಿಧಾನ."

ತಿರುಗಿಸಿದೆ.

"ಈಗ ಕೆಳಗೆ. ಜಾಸ್ತಿ ಆಯ್ತು ಅನ್ಸುತ್ತೆ. ಚೂರು ವಾಪಸ್."

ಹೀಗೇ ಬಹಳ ಹೊತ್ತು. ಅವನು ನಡುವೆ ಒಂದು ಸಲ, "ಇದು ನಡುಗುತ್ತಲ್ಲ, ಉಸಿರಾಡಿದ ಹಾಗೆ" ಎಂದ. ನಾನೇನೂ ಹೇಳಲಿಲ್ಲ. ಹೇಳಿದ್ದರೆ ಅವನು ನಿಲ್ಲಿಸಿಬಿಡುತ್ತಿದ್ದ.

ಆಗ ರಮತ್ತೆಯ ಫೋನ್ ಬಂತು. ಗಾಳಿಯ ಸದ್ದು. "ಕೃತೀ, ನಾನು ಮೊಟ್ಟೆಮಾಡಿಗೆ ಬಂದೆ ಕಣೇ. ಒಬ್ಬಳೇ. ಮುಷ್ಟಿ ಹಿಡಿದು ನೋಡಿದೆ. ಇಲ್ಲಿ ಕಾಣ್ತಿದೆ. ಅಲ್ಲಿ ಗೋಡೆ ಅಲ್ವಾ?"

ರಘುಗೆ ಹೇಳಿದೆ, ರಮತ್ತೆಗೆ ಧ್ರುವ ಕಾಣ್ತಿದೆಯಂತೆ ಎಂದು. ಅವನು ಗಾಜಿನಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲೂ ಜಾರದೆ ನಿಂತಿದೆ ಅಂತ ಹೇಳು."

ಹೇಳಿದೆ.